ಏಳು ತಂತಿಯ ಪಿಟೀಲು

ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು 1895ರಲ್ಲಿ ಕಾವೇರಿ-ಕಪಿಲಾ ಸಂಗಮದ ತಿರುಮಕೂಡಲಿನಲ್ಲಿ ಜನಿಸಿದರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ವರ್ಷಗಟ್ಟಲೆ ಕಠಿಣ ಶಿಷ್ಯವೃತ್ತಿ ನಡೆಸಿದರು.

ಆಗ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದೆ ಕುಳಿತವರಿಗೆ ಚೆನ್ನಾಗಿ ಮುಟ್ಟುತ್ತಿರಲಿಲ್ಲ. ಭೈರವಾನಿತಿಪ್ಪದ ಕಡೆಯ ಜಾತ್ರೆಗಳಲ್ಲಿ ಜನರ ಹಿಂದೆ ನಿಂತು ವಾದ್ಯ ಕೇಳುವ ನಮಗೆ ಈ ಕಷ್ಟವನ್ನು ಯಾರೂ ವಿವರಿಸಬೇಕಾಗಿಲ್ಲ! ಯುರೋಪಿನಿಂದ ಬಂದ ಆ ವಾದ್ಯಕ್ಕೆ ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿದರು. ಕಮಾನಿನ ಒಂದೇ ಎಳೆತಕ್ಕೆ ಜೋಡಿ ತಂತಿಗಳು ಕೂಡಿ ನುಡಿದು ಸಭೆಯೆಲ್ಲ ತುಂಬುತ್ತಿತ್ತು. ಸಂಪ್ರದಾಯ ಕೆಟ್ಟಿತೆಂದು ಕೆಲವರು ಆಕ್ಷೇಪಿಸಿದರು. ಕೇಳುಗರು ಮಾತ್ರ ತಲೆದೂಗಿದರು.

1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದಿತ್ತಿತು. 1967ರಲ್ಲಿ ಅವರು ದಿವಂಗತರಾದರು. ಬೆಂಗಳೂರಿಗೆ ಹೋದವರು ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವನ್ನು ನೋಡಬಹುದು.