ಗಾಲಿಗೆ ಗಾಳಿ ತುಂಬಿದ ಪಶುವೈದ್ಯ

ಮಹಾಪುರುಷರ ಚರಿತ್ರೆಗಳನ್ನು ಓದಹೊರಟಾಗ ಅರಸರೂ ಸೇನಾಪತಿಗಳೂ ಕವಿಗಳೂ ನಮ್ಮ ಕಣ್ಣಿಗೆ ಮೊದಲು ಬೀಳುವರು. ನಾವು ದಿನವೂ ಬಳಸುವ ಸಾಮಾನ್ಯ ವಸ್ತುಗಳ ಹಿಂದೆ ಒಬ್ಬನ ಚಿಂತನೆ, ಶ್ರಮ, ಸೋಲು ಗೆಲವುಗಳು ಅಡಗಿರುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬೈಸಿಕಲ್ಲಿನ ಟಯರು ಅಂತಹ ವಸ್ತುಗಳಲ್ಲೊಂದು. ಡನ್‌ಲಪ್ ಎಂಬ ಹೆಸರನ್ನು ಟಯರುಗಳ ಮೇಲೆಯೂ ಹಾಸಿಗೆ ದಿಂಬುಗಳ ಮೇಲೆಯೂ ಕಂಡವರು ಬಹುಮಂದಿ. ಅದು ಒಬ್ಬ ಮನುಷ್ಯನ ಹೆಸರೆಂದು ಬಲ್ಲವರು ಕೆಲವರು. ಆ ಮನುಷ್ಯನು ಯಂತ್ರಶಿಲ್ಪಿಯಾಗಿರದೆ ದನಕುದುರೆಗಳ ವೈದ್ಯನಾಗಿದ್ದನೆಂದು ಬಲ್ಲವರು ಇನ್ನೂ ಕಡಮೆ. ವಿದ್ಯಾರ್ಥಿಮಿತ್ರರೇ, ಆತನ ಬಾಳಿನ ಕಥೆಯನ್ನು ಸಂಕ್ಷೇಪವಾಗಿ ನಿಮ್ಮ ಮುಂದಿಡುವೆವು.

ಜಾನ್ ಬಾಯ್ಡ್ ಡನ್‌ಲಪನು ೧೮೪೦ನೆಯ ಇಸವಿ ಫೆಬ್ರವರಿ ೫ರಂದು ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಗ್ರಾಮದಲ್ಲಿ ಒಕ್ಕಲುತನದ ಮನೆಯೊಂದರಲ್ಲಿ ಜನಿಸಿದನು. ತಾನು ದಿನ ತುಂಬುವ ಮೊದಲೇ ಹುಟ್ಟಿದ ಕೂಸೆಂದು ಕೇಳಿ ತಿಳಿದಿದ್ದ ಆತನು ತನ್ನ ಮೈ ದುರ್ಬಲವಾದುದೆಂದು ನಂಬಿ ಜೀವಮಾನವೆಲ್ಲ ಎಚ್ಚರದಿಂದಲೇ ನಡೆದುಕೊಂಡನು. ಆದರೂ ಎಂಬತ್ತೊಂದು ವರ್ಷ ಬಾಳಿದನು! ಎಡಿನ್‌ಬರೋ ನಗರದಲ್ಲಿ ಪಶುವೈದ್ಯವನ್ನು ಕಲಿತು, ಕೆಲಕಾಲ ಸ್ವದೇಶದಲ್ಲಿಯೇ ವೃತ್ತಿಯನ್ನು ನಡೆಯಿಸಿ, ೧೮೬೭ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಹೋದನು. ಅಲ್ಲಿ ಮೊದಲು ಡೌನ್‌ಪ್ಯಾಟ್ರಿಕ್ ಎಂಬ ಊರಿನಲ್ಲಿ ಸಹೋದರನೊಡನೆ ಚಿಕಿತ್ಸಾಲಯವನ್ನು ನಡೆಯಿಸಿ, ಆಮೇಲೆ ಬೆಲ್‌ಫಾಸ್ಟ್ ನಗರದಲ್ಲಿ ನೆಲಸಿದನು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳದಲ್ಲಿ ಬಾಳನ್ನು ಕಟ್ಟಿಕೊಳ್ಳುವುದು ಎಂತಹುದೆಂದು ನಮಗೂ ನಿಮ್ಮ ತಂದೆತಾಯಿಗಳಿಗೂ ಹೇಳಿಕೊಡಬೇಕಾಗಿಲ್ಲ. ಡನ್‌ಲಪನು ಆ ಕಾರ್ಯದಲ್ಲಿ ಗೆದ್ದನು. ೧೮೮೦ರ ದಶಕದ ನಡುವಿನ ವೇಳೆಗೆ ಆತನ ಚಿಕಿತ್ಸಾಲಯವು ಐರ್ಲೆಂಡಿನ ಅತಿ ದೊಡ್ಡವುಗಳಲ್ಲೊಂದೆನಿಸಿತ್ತು.

ಇನ್ನು ಆ ಕಾಲದ ಬೈಸಿಕಲ್ಲುಗಳನ್ನು ಕುರಿತು ಎರಡು ಮಾತು. ಮೊದಲಿನ ಗಾಡಿಗಳಿಗೆ ಮರದ ಗಾಲಿ, ಅದರ ಮೇಲೆ ಕಬ್ಬಿಣದ ಪಟ್ಟಿ. ಅದರ ಕುಲುಕಾಟಕ್ಕೆ ಬೇಸತ್ತ ಜನರು ಅದನ್ನು ಎಲುಬು ಕುಲುಕುವ ಗಾಡಿಯೆಂದೇ ಕರೆದರು. ಬಳಿಕ ಮುಂದೆ ಆಳೆತ್ತರದ ಗಾಲಿಯೂ ಹಿಂದೆ ಗೇಣುದ್ದದ ಗಾಲಿಯೂ ಇದ್ದ ಬೈಸಿಕಲ್ಲು ಬಂದಿತು. ದೊಡ್ಡ ಗಾಲಿಯು ಹಳ್ಳ ತಿಟ್ಟುಗಳನ್ನು ಸುಲಭವಾಗಿ ದಾಟುವುದು ನಿಜ. ಆದರೆ ಅಷ್ಟು ಎತ್ತರದಿಂದ ಬಿದ್ದವನ ಗತಿಯೇನು? ಆದಕಾರಣ ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬ ಆಂಗ್ಲೇಯನು ಸರಿಸುಮಾರು ಸಮನಾದ ಎರಡು ಗಾಲಿಗಳ, ಸರಪಣಿಯಿಂದ ನಡೆಯುವ ತಗ್ಗಿನ ಬೈಸಿಕಲ್ಲನ್ನು ಹೊರತಂದನು. ಇಂದಿನ ನಮ್ಮ ಸೈಕಲ್ಲಿನ ಮೂಲರೂಪ ಅದೇ. ಬೀಳುವ ಭಯ ತಗ್ಗಿತು. ಆದರೆ ಗಾಲಿ ಚಿಕ್ಕದಾದಂತೆ ಕುಲುಕಾಟ ಹೆಚ್ಚಿತು. ಗಾಲಿಗೆ ಸುತ್ತಿದ್ದ ಗಟ್ಟಿ ರಬ್ಬರಿನ ಪಟ್ಟಿಯು ಕಲ್ಲುಹಾಸಿನ ಬೀದಿಗಳಲ್ಲಿ ಹೆಚ್ಚೇನೂ ಸಹಾಯ ಮಾಡಲಿಲ್ಲ.

ಡನ್‌ಲಪನ ಮಗನಾದ ಜಾನಿ ಎಂಬ ಬಾಲಕನಿಗೆ ಒಂದು ಮೂರು ಗಾಲಿಯ ಸೈಕಲ್ಲಿತ್ತು. ಬೆಲ್‌ಫಾಸ್ಟಿನ ಒರಟು ಬೀದಿಗಳಲ್ಲಿ ಅದನ್ನು ತುಳಿಯುವುದು ಹುಡುಗನಿಗೆ ಪ್ರಯಾಸವಾಗುತ್ತಿತ್ತು. ೧೮೮೭ರ ಅಕ್ಟೋಬರ್ ತಿಂಗಳಿನಲ್ಲಿ ತಂದೆಯು ತನ್ನ ಮನೆಯ ಅಂಗಳದಲ್ಲಿ ಒಂದು ಪರೀಕ್ಷೆಯನ್ನು ನಡೆಯಿಸಿದನು. ಸುಮಾರು ಒಂದು ಗಜ ಅಡ್ಡಗಲದ ಮರದ ಬಿಲ್ಲೆಯೊಂದನ್ನು ಮಾಡಿ, ತೆಳು ರಬ್ಬರಿನ ಹಾಳೆಯಿಂದ ಕೊಳವೆಯನ್ನು ರಚಿಸಿ, ಅದನ್ನು ಬಿಲ್ಲೆಯ ಅಂಚಿಗೆ ಬಿಗಿದು, ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿದನು. ಬಳಿಕ ಮಗನ ಸೈಕಲ್ಲಿನ ಗಾಲಿಯನ್ನೂ ಈ ಬಿಲ್ಲೆಯನ್ನೂ ಒಟ್ಟಿಗೆ ಅಂಗಳದುದ್ದಕ್ಕೂ ಉರುಳಿಸಿದನು. ಸೈಕಲ್ಲಿನ ಗಾಲಿಯು ನಡುವೆಯೇ ನಿಂತಿತು. ಗಾಳಿಯ ಗಾಲಿಯು ಮುಂದೆ ಮುಂದೆ ಉರುಳಿ ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದರ ಕಾರಣವನ್ನು ನಾವು ತಿಳಿಯಬೇಕು. ಗಟ್ಟಿಯಾದ ಗಾಲಿಯು ಒಂದು ಬೆಣಚುಕಲ್ಲನ್ನು ದಾಟಬೇಕಾದರೆ ಗಾಲಿ, ಗಾಡಿ, ಸವಾರ ಎಲ್ಲವೂ ಆ ಕಲ್ಲಿನಷ್ಟು ಮೇಲಕ್ಕೇಳಬೇಕು. ಅದಕ್ಕೆ ತಗಲುವ ಶಕ್ತಿಯು ಕುಲುಕಾಟದಲ್ಲಿ ನಷ್ಟವಾಗಿ ವೇಗವು ಕುಂದುವುದು. ಗಾಳಿಯ ಟಯರಿನಲ್ಲಿಯಾದರೋ ಕಲ್ಲು ತಗಲಿದಷ್ಟು ಭಾಗ ಮಾತ್ರ ಒಳಕ್ಕೆ ಸರಿದು, ಕಲ್ಲು ಹಿಂದಾದೊಡನೆ ಮೊದಲಿನಂತಾಗುವುದು. ಸವಾರನು ಅಲುಗಾಡದೆ ಮುಂದುವರಿಯುವನು. ಮೆತ್ತಗಾದ ಗಾಲಿಯು ನಿಧಾನವೆಂಬುದು ಆಗಿನ ಜನರ ನಂಬಿಕೆಯಾಗಿತ್ತು. ಒರಟು ನೆಲದ ಮೇಲೆ ಅದು ತಪ್ಪೆಂದು ಡನ್‌ಲಪನ ಅಂಗಳವು ತೋರಿಸಿಕೊಟ್ಟಿತು.

ಸೈಕಲ್ಲಿಗೆ ಹೊಸ ಗಾಲಿಗಳನ್ನು ಜೋಡಿಸಿ ಪರೀಕ್ಷಿಸಿದ ಮೇಲೆ ಡನ್‌ಲಪನಿಗೆ ೧೮೮೮ರ ಡಿಸೆಂಬರ್ ೭ರಂದು ಏಕಸ್ವಾಮ್ಯದ ಸನ್ನದು ದೊರೆಯಿತು. ಮರುವರ್ಷ ಮೇ ೧೮ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಈ ಟಯರುಗಳುಳ್ಳ ಬೈಸಿಕಲ್ಲನ್ನೇರಿ ತಾನು ಓಡಿದ ಪಂದ್ಯಗಳನ್ನೆಲ್ಲ ಗೆದ್ದನು. ತರುವಾಯ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿಯೂ ಒಂದನ್ನುಳಿದು ಮಿಕ್ಕೆಲ್ಲ ಪಂದ್ಯಗಳೂ ಆತನವಾದವು. ಸೋತವರಲ್ಲಿ ಹಾರ್ವೆ ಡ್ಯು ಕ್ರೋ ಎಂಬ ಡಬ್ಲಿನ್ ನಗರದ ವ್ಯಾಪಾರಿಯ ಮಕ್ಕಳೂ ಇದ್ದರು. ಮಕ್ಕಳ ಸೋಲಿಗೆ ಕೊರಗುತ್ತ ಕುಳಿತುಕೊಳ್ಳದೆ ಆ ಚತುರನು ಗೆದ್ದ ಗಾಲಿಯನ್ನು ಪರೀಕ್ಷಿಸಿ, ೧೮೮೯ರಲ್ಲಿ ಡನ್‌ಲಪನೊಡಗೂಡಿ ಡಬ್ಲಿನ್‌ನಲ್ಲಿ ಟಯರುಗಳ ಕಂಪನಿಯನ್ನು ಸ್ಥಾಪಿಸಿದನು. ಡನ್‌ಲಪನು ಸನ್ನದಿನ ಹಕ್ಕನ್ನು ವಹಿಸಿಕೊಟ್ಟು ಬದಲಿಗೆ ಕಂಪನಿಯ ಪಾಲುಗಳನ್ನು ಪಡೆದನು.

ಇಷ್ಟರಲ್ಲಿ ಒದಗಿತು ಸಂಕಟ. ೧೮೯೦ರಲ್ಲಿ ಆತನ ಸನ್ನದು ಊರ್ಜಿತವಲ್ಲವೆಂಬ ಸುದ್ದಿ ಬಂದಿತು. ಡನ್‌ಲಪನು ಐದು ವರ್ಷದ ಕೂಸಾಗಿದ್ದ ೧೮೪೫ರಲ್ಲಿಯೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಮತ್ತೊಬ್ಬ ಸ್ಕಾಟ್ಲೆಂಡಿನವನು ಗಾಳಿ ತುಂಬಿದ ಗಾಲಿಗೆ ಸನ್ನದು ಪಡೆದಿದ್ದನು. ಆತನಿಗೆ ಆಗ ಇಪ್ಪತ್ತಮೂರು ವರ್ಷ. ಆತನು ಅದನ್ನು ಕುದುರೆಗಾಡಿಗೆ ಜೋಡಿಸಿ ಲಂಡನ್ನಿನಲ್ಲಿ ತೋರಿಸಿಯೂ ಇದ್ದನು. ಆದರೆ ಆಗ ಬೈಸಿಕಲ್ಲಿರಲಿಲ್ಲ. ತೆಳುವಾದ ಒಳ್ಳೆಯ ರಬ್ಬರು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಲೋಕವು ಆ ಯುಕ್ತಿಯನ್ನು ಮರೆತೇ ಬಿಟ್ಟಿತು. ಡನ್‌ಲಪನು ಅದನ್ನು ಕದ್ದವನಲ್ಲ, ತಾನಾಗಿಯೇ ಮತ್ತೆ ಕಂಡುಕೊಂಡವನು. ಆದರೆ ಮೊದಲಿಗನೆಂಬ ಹಕ್ಕು ಆತನಿಗೆ ಉಳಿಯಲಿಲ್ಲ. ಥಾಮ್ಸನನ ಹೆಸರನ್ನು ಮರೆತು ಡನ್‌ಲಪನನ್ನು ಮಾತ್ರ ಹೊಗಳುವುದು ನ್ಯಾಯವಲ್ಲವೆಂದು ನಾವು ಭಾವಿಸುವೆವು. ಬಿತ್ತಿದವನು ಒಬ್ಬ, ಬೆಳೆ ತೆಗೆದವನು ಇನ್ನೊಬ್ಬ, ಇಬ್ಬರನ್ನೂ ನೆನೆಯಬೇಕು.

ಸನ್ನದು ಹೋದರೂ ಕಂಪನಿ ಮುಳುಗಲಿಲ್ಲ. ಡನ್‌ಲಪನ ಟಯರನ್ನು ರಿಮ್ಮಿಗೆ ಅಂಟಿಸಿ ಬಟ್ಟೆಯಿಂದ ಸುತ್ತುತ್ತಿದ್ದರಾಗಿ ಒಂದು ಮುಳ್ಳು ಚುಚ್ಚಿದರೂ ಅದನ್ನು ಬಿಚ್ಚಿ ಸರಿಪಡಿಸುವುದು ಬಲು ತೊಡಕಿನ ಕೆಲಸವಾಗಿತ್ತು. ೧೮೯೦ರಲ್ಲಿ ಚಾರ್ಲ್ಸ್ ವೆಲ್ಚ್ ಎಂಬವನು ಅಂಚಿನಲ್ಲಿ ತಂತಿಯುಳ್ಳ, ಬೇಕಾದಾಗ ಕಳಚಬಹುದಾದ ಟಯರಿನ ಸನ್ನದು ಪಡೆದನು. ಕಂಪನಿಯು ಆ ಹಕ್ಕನ್ನು ಕೊಂಡುಕೊಂಡಿತು. ಇಂದು ಬೀದಿಯ ಮೂಲೆಯ ಸೈಕಲ್ ಅಂಗಡಿಯವನು ಕ್ಷಣಾರ್ಧದಲ್ಲಿ ಟಯರು ಕಳಚಿ ಪಂಕ್ಚರ್ ಹಾಕುವುದು ಈ ಯುಕ್ತಿಯ ಫಲ. ಡನ್‌ಲಪನು ಮಾತ್ರ ೧೮೯೫ರಲ್ಲಿ ಕಂಪನಿಯನ್ನು ಬಿಟ್ಟನು. ಮರುವರ್ಷವೇ ಅದು ಮೂವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು! ಆ ಐಶ್ವರ್ಯದಲ್ಲಿ ಹೆಸರು ಕೊಟ್ಟವನಿಗೆ ದೊಡ್ಡ ಪಾಲು ದಕ್ಕಲಿಲ್ಲ. ಡಬ್ಲಿನ್‌ನಲ್ಲಿ ಬಟ್ಟೆಯ ವ್ಯಾಪಾರವೊಂದರಲ್ಲಿ ತೊಡಗಿ ಆತನು ಶಾಂತವಾಗಿ ಕಾಲ ಕಳೆದು, ೧೯೨೧ರ ಅಕ್ಟೋಬರ್ ೨೩ರಂದು ಅಲ್ಲಿಯೇ ತೀರಿಕೊಂಡನು.

ಒಳಿತಿನ ಜೊತೆಗೆ ಕೇಡೂ ಬರುವುದುಂಟು. ಟಯರುಗಳ ಬೇಡಿಕೆ ಏರಿದಂತೆ ರಬ್ಬರಿನ ದಾಹವೂ ಏರಿತು. ಆಫ್ರಿಕದ ಕಾಂಗೋ ದೇಶದಲ್ಲಿ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಆಡಳಿತವು ಕಾಡುರಬ್ಬರಿಗಾಗಿ ಅಲ್ಲಿನ ಬಡಜನರನ್ನು ಕ್ರೂರವಾಗಿ ಹಿಂಸಿಸಿತು. ೧೯೦೪ರಲ್ಲಿ ರೋಜರ್ ಕೇಸ್‌ಮೆಂಟ್ ಎಂಬ ಐರಿಶ್ ಮನುಷ್ಯನ ವರದಿಯು ಆ ಘೋರವನ್ನು ಲೋಕಕ್ಕೆ ತಿಳಿಸಿತು. ೧೯೦೮ರಲ್ಲಿ ದೊರೆಯ ಸ್ವಂತ ಆಡಳಿತವು ಕೊನೆಗಂಡಿತು. ಇದು ಡನ್‌ಲಪನ ಅಪರಾಧವಲ್ಲ. ಆದರೂ ನಮ್ಮ ಸುಖಪ್ರಯಾಣಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ನಾವು ಅರಿಯದಿರಬಾರದು.

ಭಾರತಕ್ಕೂ ಈ ಕಥೆಗೂ ನಂಟುಂಟು. ೧೯೩೬ರಲ್ಲಿ ಬಂಗಾಳದ ಸಹಾಗಂಜಿನಲ್ಲಿ ಡನ್‌ಲಪ್ ಹೆಸರಿನ ಕಾರ್ಖಾನೆ ಆರಂಭವಾಯಿತು. ಬಹುಕಾಲ ನಡೆದು ಅದು ಈಗ ಮುಚ್ಚಿದೆ. ರಜೆಯಲ್ಲಿ ಊರಿಗೆ ಹೋದಾಗ ನೀವು ಟಯರಿನ ಚಕ್ಕಡಿಯನ್ನು ಕಂಡಿರಬಹುದು. ಕಬ್ಬಿಣದ ಪಟ್ಟಿಯ ಗಾಲಿ ಹೊಲದ ಮಣ್ಣಿನಲ್ಲಿ ಹೂತುಕೊಳ್ಳುವಲ್ಲಿ ಗಾಳಿಯ ಗಾಲಿ ಹಗುರವಾಗಿ ಉರುಳುವುದರಿಂದ ಎತ್ತುಗಳ ಹೆಗಲಿಗೆ ಭಾರ ಕಡಮೆ. ಪಶುವೈದ್ಯನು ಮಗನಿಗಾಗಿ ಮಾಡಿದ ಗಾಲಿಯು ಕೊನೆಗೆ ಪಶುಗಳಿಗೂ ಉಪಕಾರಿಯಾಯಿತು!

ಇಂದು ಪಟ್ಟಣದ ಯುವಕರು ಜಲ್ಲಿಯ ಹಾದಿ, ಘಟ್ಟದ ಮಣ್ಣುದಾರಿಗಳಲ್ಲಿ ಸೈಕಲ್ ಸವಾರಿ ಹೊರಡುವರು. ಅಂತಹ ಹಾದಿಗೆಂದೇ ಬೇರೆ ಸೈಕಲ್ಲುಗಳೂ ಬಂದಿವೆ. ಯಾವ ಟಯರನ್ನು ಆರಿಸಬೇಕೆಂದು ಕೇಳುವವರಿಗೆ ಡನ್‌ಲಪನ ಅಂಗಳವೇ ಉತ್ತರ ಹೇಳುವುದು. ನುಣುಪಾದ ಡಾಂಬರಿಗೆ ಕಿರಿದಾದ ಟಯರು ಸಾಕು. ಜಲ್ಲಿಗೆ ಅಗಲವಾದುದು, ಗಾಳಿ ತುಸು ಕಡಮೆಯಾದುದು ಬೇಕು. ಆದರೆ ಗಾಳಿ ಅತಿಯಾಗಿ ತಗ್ಗಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹರಿಯುವುದು. ಹಿಂದಿನ ಗಾಲಿಯ ಮೇಲೆ ಭಾರ ಹೆಚ್ಚಾದುದರಿಂದ ಅಲ್ಲಿ ಗಾಳಿ ಕೊಂಚ ಹೆಚ್ಚಿರಲಿ. ಕೆಸರಿಗೆ ಗುಬುಟುಗಳುಳ್ಳ ಮೈ ಒಳ್ಳೆಯದು. ಗಟ್ಟಿ ನೆಲಕ್ಕೆ ನುಣುಪಾದುದೇ ಲೇಸು. ಕೊಳ್ಳುವ ಮೊದಲು ಟಯರಿನ ಪಕ್ಕದಲ್ಲಿ ಅಚ್ಚಾದ ಅಂಕಿಗಳನ್ನು ಓದಿರಿ. ೪೦-೬೨೨ ಎಂದಿದ್ದರೆ ಅಗಲ ೪೦ ಮಿಲಿಮೀಟರ್, ಟಯರು ಕೂರುವ ರಿಮ್ಮಿನ ಅಡ್ಡಗಲ ೬೨೨ ಮಿಲಿಮೀಟರ್ ಎಂದರ್ಥ. ೫೮೪ರ ಚಿಕ್ಕ ರಿಮ್ಮನ್ನು ಆರಿಸಿದರೆ ಅದೇ ಚೌಕಟ್ಟಿನಲ್ಲಿ ಇನ್ನೂ ದಪ್ಪ ಟಯರಿಗೆ ಎಡೆ ದೊರೆಯಬಹುದು; ಚೌಕಟ್ಟಿನಲ್ಲಿಯೂ ಮುಂಗಾಲಿಯ ಕವಲಿನಲ್ಲಿಯೂ ಕೆಸರು ಜಾರುವಷ್ಟು ಜಾಗವಿದೆಯೇ ಎಂದು ನೋಡಿಕೊಳ್ಳಬೇಕು.

ಒಂದು ವಿನೋದವನ್ನು ಹೇಳಿ ಮುಗಿಸುವೆವು. ನಮ್ಮ ಅಜ್ಜಂದಿರು ಹಾಲಿನ ಕ್ಯಾನು, ಅಂಚೆಯ ಚೀಲಗಳನ್ನು ಹೊತ್ತು ತುಳಿದ ಕಪ್ಪು ಸೈಕಲ್ಲಿನ ಟಯರು ೨೮ ಅಂಗುಲದ್ದು, ಅಗಲ ಒಂದೂವರೆ ಅಂಗುಲ. ಅದನ್ನು ಮಿಲಿಮೀಟರಿಗೆ ತಿರುಗಿಸಿ ನೋಡಿರಿ. ಇಂದು ಜಲ್ಲಿ ಹಾದಿಗೆಂದು ಹೆಚ್ಚಿನ ಬೆಲೆಗೆ ಮಾರುವ ಟಯರಿನ ಅಗಲಕ್ಕೆ ಅದು ಬಹಳ ಹತ್ತಿರವಿರುವುದು. ಆ ಹಳೆಯ ಸೈಕಲ್ಲು ಮನೆಯಲ್ಲಿ ಇನ್ನೂ ಇದ್ದರೆ ಅದನ್ನು ಹಗುರವಾಗಿ ಕಾಣಬೇಡಿರಿ. ಗಾಳಿ ತುಂಬಿ, ಸರಪಣಿಗೆ ಎಣ್ಣೆ ಹಾಕಿ, ಬ್ರೇಕುಗಳನ್ನು ಪರೀಕ್ಷಿಸಿ ಹೊರಡಿರಿ.