ಮುರಿದ ಜೋಡಿ, ಹೊಸ ಹುಡುಗರು, ಮೂರು ಹಾಡು: ಜೋ ಸ್ಟ್ರಮರ್ ಬದುಕಿನ ಕಥೆ

2002ರ ನವೆಂಬರ್ 15ರ ರಾತ್ರಿ ಪಶ್ಚಿಮ ಲಂಡನ್ನಿನ ಆಕ್ಟನ್ ಪುರಭವನದಲ್ಲಿ ಮುಷ್ಕರನಿರತ ಅಗ್ನಿಶಾಮಕ ಸಿಬ್ಬಂದಿಯ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಏರ್ಪಾಡಾಗಿತ್ತು. ಹಾಡುತ್ತಿದ್ದವನು ಜೋ ಸ್ಟ್ರಮರ್. ಜತೆಗಿದ್ದುದು ಮೆಸ್ಕಲೆರೋಸ್ ಎಂಬ ಆತನ ಹೊಸ ತಂಡ. ಕಾರ್ಯಕ್ರಮ ಮುಗಿಯುತ್ತ ಬಂದಾಗ ಪ್ರೇಕ್ಷಕರ ನಡುವೆ ನಿಂತಿದ್ದ ಮಿಕ್ ಜೋನ್ಸ್ ಮೊದಲೇ ನಿಶ್ಚಯವಾಗಿರದಿದ್ದರೂ ವೇದಿಕೆಯೇರಿ ಗಿಟಾರ್ ಕೈಗೆತ್ತಿಕೊಂಡ. ಇಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸಿ 19 ವರ್ಷಗಳು ಕಳೆದಿದ್ದವು. ಮೂರು ಹಾಡುಗಳು, ಅಷ್ಟೇ. ಪಂಕ್ ಸಂಗೀತದ ದೈತ್ಯ ತಂಡವೆನಿಸಿದ್ದ ಕ್ಲ್ಯಾಶ್‌ನ ಮರುಮಿಲನಕ್ಕೆ ಭಾರೀ ಮೊತ್ತದ ಆಹ್ವಾನಗಳು ಬಂದಿದ್ದರೂ ಆಗದಿದ್ದುದು ಅಂದು ಬಿಟ್ಟಿಯಾಗಿ ಆಯಿತು.

ಪಂಕ್ ಎಂದರೆ 1970ರ ದಶಕದ ಮಧ್ಯದಲ್ಲಿ ನಿರುದ್ಯೋಗದಿಂದ ಬೇಸತ್ತ ಇಂಗ್ಲೆಂಡಿನ ಯುವಜನರ ಸಿಟ್ಟಿಗೆ ದನಿಯಾದ ಒರಟು, ವೇಗದ ಸಂಗೀತ. ಆದರೆ ಅದರ ಮುಂಚೂಣಿಯಲ್ಲಿದ್ದ ಸ್ಟ್ರಮರ್ ಕಾರ್ಮಿಕರ ಮನೆಯಿಂದ ಬಂದವನಲ್ಲ. ನಿಜನಾಮ ಜಾನ್ ಗ್ರಹಾಂ ಮೆಲ್ಲರ್. 1952ರ ಆಗಸ್ಟ್ 21ರಂದು ಟರ್ಕಿಯ ಅಂಕಾರಾದಲ್ಲಿ ಜನನ. ಬ್ರಿಟಿಷ್ ವಿದೇಶಾಂಗ ಸೇವೆಯಲ್ಲಿದ್ದ ತಂದೆ ರೊನಾಲ್ಡ್ ಮೆಲ್ಲರ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. ತಾಯಿ ಸ್ಕಾಟ್ಲೆಂಡಿನ ದಾದಿ. ಕೈರೋ, ಮೆಕ್ಸಿಕೋ ನಗರ, ಬಾನ್ ಎಂದು ಊರೂರು ಸುತ್ತಿದ ಬಾಲಕನನ್ನು ಒಂಬತ್ತನೇ ವಯಸ್ಸಿಗೆ ಇಂಗ್ಲೆಂಡಿನ ವಸತಿಶಾಲೆಗೆ ಸೇರಿಸಲಾಯಿತು. 1970ರಲ್ಲಿ ಅಣ್ಣ ಡೇವಿಡ್ ಆತ್ಮಹತ್ಯೆ ಮಾಡಿಕೊಂಡ. ತಮ್ಮನ ಮನಸ್ಸಿನಿಂದ ಆ ಗಾಯ ಮಾಯಲಿಲ್ಲ.

ಕಲಾಶಾಲೆಯನ್ನು ಅರ್ಧಕ್ಕೇ ಬಿಟ್ಟ ಹುಡುಗ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಟೈಮನ್ ಡಾಗ್ ಎಂಬ ಪಿಟೀಲುವಾದಕನಿಗೆ ಕಾಸು ಸಂಗ್ರಹಿಸುವ ಕೆಲಸಕ್ಕಿಳಿದ. ವಾದ್ಯ ಹಿಡಿಯಲು ಕಲಿತದ್ದೂ ಅಲ್ಲಿಯೇ. ಆರೂ ತಂತಿಗಳನ್ನು ಒಟ್ಟಿಗೇ ಬಾರಿಸುವುದಷ್ಟೇ ತನಗೆ ಗೊತ್ತೆಂದು ತನ್ನನ್ನೇ ಗೇಲಿ ಮಾಡಿಕೊಂಡು ಸ್ಟ್ರಮರ್ ಎಂಬ ಹೆಸರಿಟ್ಟುಕೊಂಡ. ಪಾಳುಮನೆಯೊಂದರಲ್ಲಿ ಹುಟ್ಟಿದ 101'ಅರ್ಸ್ ಆತನ ಮೊದಲ ಮುಖ್ಯ ತಂಡ. 1976ರ ಏಪ್ರಿಲ್‌ನಲ್ಲಿ ಆ ತಂಡದ ಕಾರ್ಯಕ್ರಮಕ್ಕೆ ಮುನ್ನ ಸೆಕ್ಸ್ ಪಿಸ್ಟಲ್ಸ್ ಹುಡುಗರು ನುಡಿಸಿದ್ದನ್ನು ಕೇಳಿದ್ದೇ ತಡ, ತನ್ನ ಕಾಲ ಮುಗಿಯಿತೆಂದು ಸ್ಟ್ರಮರ್‌ಗೆ ಅನಿಸಿತು. ಮ್ಯಾನೇಜರ್ ಬರ್ನಿ ರೋಡ್ಸ್ ಕರೆದಾಗ ಮಿಕ್ ಜೋನ್ಸ್, ಪಾಲ್ ಸಿಮೊನನ್ ಜತೆಗೂಡಿದ. ಜುಲೈ 4ರಂದು ಶೆಫೀಲ್ಡಿನಲ್ಲಿ ಕ್ಲ್ಯಾಶ್ ಮೊದಲ ಬಾರಿ ವೇದಿಕೆ ಹತ್ತಿತು.

ಮುಂದಿನ ಆರು ವರ್ಷಗಳ ಏಳಿಗೆ ಬಹುಮಂದಿಗೆ ಗೊತ್ತಿರುವಂಥದ್ದೇ. 1979ರ 'ಲಂಡನ್ ಕಾಲಿಂಗ್', ಮರುವರ್ಷ ಮೂರು ತಟ್ಟೆಗಳ 'ಸ್ಯಾಂಡಿನಿಸ್ಟಾ!', 1982ರ 'ಕಾಂಬ್ಯಾಟ್ ರಾಕ್'. ಸಾಹಿತ್ಯ ಬಹುಪಾಲು ಸ್ಟ್ರಮರನದು, ರಾಗದ ಜಾಣ್ಮೆ ಜೋನ್ಸನದು. ಅಮೆರಿಕದಲ್ಲಿಯೂ ಯಶಸ್ಸು ಕೈಹಿಡಿದ ಹೊತ್ತಿಗೇ ಮನೆಯೊಳಗೆ ಬಿರುಕು ಬಿಟ್ಟಿತ್ತು. ಹೆರಾಯಿನ್ ಚಟಕ್ಕೆ ಬಿದ್ದ ಡ್ರಮ್ಸ್ ವಾದಕ ಟಾಪರ್ ಹೆಡನ್‌ನನ್ನು 1982ರಲ್ಲಿ ಹೊರಹಾಕಲಾಯಿತು. ತಡವಾಗಿ ಬರುತ್ತಾನೆ, ತಾರೆಯಂತೆ ವರ್ತಿಸುತ್ತಾನೆ ಎಂಬ ದೂರಿನ ಮೇಲೆ 1983ರಲ್ಲಿ ಜೋನ್ಸ್‌ಗೂ ಬಾಗಿಲು ತೋರಿಸಲಾಯಿತು. ರೋಡ್ಸ್ ಒತ್ತಾಸೆ ಇದ್ದುದು ನಿಜವಾದರೂ ತೀರ್ಮಾನದ ಹೊಣೆಯಿಂದ ಸ್ಟ್ರಮರ್ ನುಣುಚಿಕೊಳ್ಳುವಂತಿಲ್ಲ.

ಆ ಬಳಿಕ ಬಂದದ್ದು ಹೊಸ ಕ್ಲ್ಯಾಶ್. ಗಿಟಾರಿಗೆ ನಿಕ್ ಶೆಪರ್ಡ್ ಮತ್ತು ವಿನ್ಸ್ ವೈಟ್, ಡ್ರಮ್ಸ್‌ಗೆ ಪೀಟ್ ಹೋವರ್ಡ್. ಮೂಲ ಪಂಕ್‌ಗೆ ಮರಳುತ್ತೇವೆಂಬ ಘೋಷಣೆ ಮೊಳಗಿತು. ಒಬ್ಬ ಜೋನ್ಸನ ಜಾಗಕ್ಕೆ ಇಬ್ಬರು ಬೇಕಾದದ್ದೇ ಕೊರತೆ ಎಷ್ಟೆಂಬುದಕ್ಕೆ ಸಾಕ್ಷಿ. ಹಾಗೆಂದು ಹೊಸಬರನ್ನು ದೂರುವುದು ಅನ್ಯಾಯ. ಅವರು ಸಂಬಳಕ್ಕೆ ದುಡಿದವರು, ನಿರ್ಧಾರಗಳಲ್ಲಿ ಅವರಿಗೆ ಪಾಲಿರಲಿಲ್ಲ. ಅದೇ ಸಮಯದಲ್ಲಿ ಸ್ಟ್ರಮರನ ತಂದೆ ತೀರಿಕೊಂಡರು; ತಾಯಿ ಕ್ಯಾನ್ಸರ್‌ಗೆ ತುತ್ತಾದರು.

ಈ ತಂಡದ ಅತ್ಯಂತ ಸುಂದರ ಕ್ಷಣಗಳಿಗೆ ವೇದಿಕೆಯೇ ಇರಲಿಲ್ಲ. 1985ರ ಮೇ ತಿಂಗಳಲ್ಲಿ ಐವರೂ ಹಣದ ಚೀಲವನ್ನು ಮನೆಯಲ್ಲೇ ಬಿಟ್ಟು, ಅಕೂಸ್ಟಿಕ್ ಗಿಟಾರುಗಳನ್ನು ಹೆಗಲಿಗೇರಿಸಿ ನಾಟಿಂಗ್‌ಹ್ಯಾಮ್‌ನಿಂದ ಹೊರಟರು. ಲೀಡ್ಸ್, ಯಾರ್ಕ್, ಸಂಡರ್‌ಲ್ಯಾಂಡ್, ಎಡಿನ್‌ಬರೋ, ಗ್ಲಾಸ್ಗೋ. ಬೀದಿಯಲ್ಲಿ, ಪಬ್ಬಿನ ಮುಂದೆ ಹಾಡಿದರು. ಜನ ಹಾಕಿದ ಚಿಲ್ಲರೆಯಲ್ಲಿ ಊಟ, ಅಭಿಮಾನಿಗಳ ಮನೆಯ ನೆಲದ ಮೇಲೆ ನಿದ್ದೆ. ಸುರಂಗ ನಿಲ್ದಾಣದಲ್ಲಿ ಕಾಸೆತ್ತುತ್ತಿದ್ದ ಹುಡುಗ ಮತ್ತೆ ಹೊರಬಂದಂತಿತ್ತು.

ಆದರೆ ಅದೇ ನವೆಂಬರ್‌ನಲ್ಲಿ ಹೊರಬಂದ 'ಕಟ್ ದ ಕ್ರ್ಯಾಪ್' ಆಲ್ಬಮ್‌ನಲ್ಲಿ ಆ ಉಸಿರು ಕಾಣಲಿಲ್ಲ. ರೋಡ್ಸ್ ತಾನೇ ನಿರ್ಮಾಪಕನಾಗಿ ಹೋವರ್ಡನ ಬದಲು ಡ್ರಮ್ ಯಂತ್ರವನ್ನು ಕೂರಿಸಿದ್ದ. ಟೀಕೆಗಳ ಸುರಿಮಳೆಯಾಯಿತು. ತಪ್ಪಿನ ಅರಿವಾದ ಸ್ಟ್ರಮರ್ ಆಗಲೇ ಬಹಾಮಾಸ್ ದ್ವೀಪಕ್ಕೆ ಹೋಗಿ, ಅಲ್ಲಿದ್ದ ಜೋನ್ಸ್‌ನನ್ನು ಹುಡುಕಿ ಮರಳುವಂತೆ ಬೇಡಿಕೊಂಡಿದ್ದ. ಬಿಗ್ ಆಡಿಯೋ ಡೈನಮೈಟ್ ಎಂಬ ಸ್ವಂತ ತಂಡ ಕಟ್ಟಿದ್ದ ಜೋನ್ಸ್ ಒಪ್ಪಲಿಲ್ಲ. ಕ್ಲ್ಯಾಶ್ ಚದುರಿತು. 1988ರ ಸಂಕಲನದಲ್ಲಿ ಕಡೆಯ ಆಲ್ಬಮ್‌ನ ಒಂದು ಹಾಡೂ ಇಲ್ಲ. ಹೊಸ ಮೂವರ ದುಡಿಮೆ ದಾಖಲೆಯಿಂದಲೇ ಅಳಿಸಿಹೋದಂತಾಯಿತು. ವಿನ್ಸ್ ವೈಟ್ ಆ ದಿನಗಳ ಕುರಿತು ಪುಸ್ತಕವನ್ನೇ ಬರೆದ.

ಸ್ನೇಹ ಮಾತ್ರ ಉಳಿಯಿತು. 1986ರಲ್ಲಿ ಜೋನ್ಸನ ಹೊಸ ತಂಡದ ಎರಡನೇ ಆಲ್ಬಮ್‌ಗೆ ಸ್ಟ್ರಮರ್ ಕೈಜೋಡಿಸಿದ. ಚಲನಚಿತ್ರಗಳಲ್ಲಿ ನಟಿಸಿದ, ಸಂಗೀತ ನೀಡಿದ, ಕೆಲಕಾಲ ಪೋಗ್ಸ್ ತಂಡಕ್ಕೆ ಹಾಡಿದ. 1989ರ ಏಕವ್ಯಕ್ತಿ ಆಲ್ಬಮ್ ಸೋತ ಬಳಿಕ ಮುಂದಿನ ಆಲ್ಬಮ್‌ಗೆ ಹತ್ತು ವರ್ಷ ಹಿಡಿಯಿತು. 1999ರಲ್ಲಿ ಬೇರೆ ಹೆಸರಿನಲ್ಲಿ, ತನಗಿಂತ ಕಿರಿಯರ ಜತೆ ಮೆಸ್ಕಲೆರೋಸ್ ಮೂಲಕ ಮರಳಿದ. ಹಳೆಯ ಹೆಸರಿನ ಭಾರವಿಲ್ಲದ ಕಾರಣವೋ ಏನೋ, ಈ ಬಾರಿ ಹೊಸಬರ ದನಿಗೂ ಜಾಗವಿತ್ತು. ಟೈಮನ್ ಡಾಗ್ ಕೂಡ ಪಿಟೀಲಿನೊಂದಿಗೆ ಬಂದು ಸೇರಿದ.

ಕ್ಲ್ಯಾಶ್ ತಂಡವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ 2003ರ ಮಾರ್ಚ್‌ನಲ್ಲಿ ಸೇರಿಸುವ ನಿರ್ಧಾರವಾಗಿತ್ತು. ಆ ಸಮಾರಂಭದಲ್ಲಿ ಒಟ್ಟಾಗಿ ನುಡಿಸುವ ಆಸೆ ಸ್ಟ್ರಮರನಿಗಿತ್ತು. ಸಿಮೊನನ್ ಹಿಂದೇಟು ಹಾಕಿದ್ದ. ಚರ್ಚೆ ಮುಗಿಯಲೇ ಇಲ್ಲ. ಆಕ್ಟನ್ ಕಾರ್ಯಕ್ರಮವಾಗಿ ಐದು ವಾರ ಕಳೆದು, 2002ರ ಡಿಸೆಂಬರ್ 22ರಂದು ಸಾಮರ್‌ಸೆಟ್‌ನ ತನ್ನ ಮನೆಯಲ್ಲಿ ಸ್ಟ್ರಮರ್ ಕುಸಿದು ಕೊನೆಯುಸಿರೆಳೆದ. ಹುಟ್ಟಿನಿಂದಲೇ ಇದ್ದು ಪತ್ತೆಯಾಗದ ಹೃದಯದೋಷ ಕಾರಣವಾಗಿತ್ತು. ವಯಸ್ಸು 50. ಅಂತಿಮಯಾತ್ರೆಗೆ ಗೌರವ ಸಲ್ಲಿಸಲು ಅಗ್ನಿಶಾಮಕ ದಳದವರು ಬಂದಿದ್ದರು.