ಮೆಂಡೆಲ್‌ರ ಜಮಾ-ಖರ್ಚು

ಬೋಧನಾಭ್ಯಾಸದ ಎರಡನೆಯ ವಾರ ನನ್ನ ಪಾಲಿಗೆ ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠ ಬಂತು. ಪೀಠಿಕೆಗೆಂದು ಒಂದು ಹಿಡಿ ಒಣ ಬಟಾಣಿ, ಒಂದು ಚಾರ್ಟು ತೆಗೆದುಕೊಂಡು ಹೋಗಿದ್ದೆ. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ ತಮ್ಮ ಮಠದ ತೋಟದಲ್ಲಿ ಬಿಡುವಿನ ವೇಳೆ ಬಟಾಣಿ ಬೆಳೆದು ಎಂಟು ವರ್ಷ ಎಣಿಸಿದರು ಎಂದು ಹೇಳಿ ಏಕತಳೀಕರಣಕ್ಕೆ ಕೈ ಹಾಕುವಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಎಂಟು ವರ್ಷ ಅವರ ಊಟದ ಖರ್ಚು ಯಾರು ನೋಡಿಕೊಂಡರು ಎಂದು ಕೇಳಿದಳು. ಉಳಿದವರು ನಕ್ಕರು. ಸನ್ಯಾಸಿಗಳಿಗೆ ದುಡ್ಡಿನ ಚಿಂತೆ ಇರುವುದಿಲ್ಲಮ್ಮ ಎಂದು ಹೇಳಿ ನಾನೂ ನಕ್ಕು ಮುಂದೆ ಹೋದೆ.

ಆ ಉತ್ತರ ತಪ್ಪಾಗಿತ್ತು. ಎಷ್ಟು ತಪ್ಪು ಎಂಬುದು ಕಾಲೇಜಿನ ಗ್ರಂಥಾಲಯದಲ್ಲಿ ಅವರ ಜೀವನವನ್ನು ಓದಿದಾಗ ಗೊತ್ತಾಯಿತು. ಮೆಂಡೆಲ್‌ರ ಬದುಕಿನ ಹೆಚ್ಚಿನ ತಿರುವುಗಳಲ್ಲಿ ದುಡ್ಡೇ ದಾರಿಗೆ ಅಡ್ಡವಾಗಿ ನಿಂತಿದೆ, ಇಲ್ಲವೇ ದಾರಿ ತೋರಿಸಿದೆ.

ಅವರು ಹುಟ್ಟಿದ್ದು 1822ರ ಜುಲೈನಲ್ಲಿ, ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಸಿಲೇಷಿಯಾದ ಹೈನ್ಸೆಂಡಾರ್ಫ್ ಎಂಬ ಹಳ್ಳಿಯಲ್ಲಿ. ಅದು ಇಂದು ಚೆಕ್ ಗಣರಾಜ್ಯದಲ್ಲಿದೆ. ಮನೆಯವರು ಇಟ್ಟ ಹೆಸರು ಯೋಹಾನ್. ಅಪ್ಪ ಆಂಟನ್ ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೈನಿಕನಾಗಿದ್ದು ಊರಿಗೆ ಮರಳಿದ್ದ ರೈತ. ಸ್ವಂತ ಜಮೀನು ಇದ್ದರೂ ವಾರದಲ್ಲಿ ಮೂರು ದಿನ ಜಮೀನ್ದಾರರ ನೆಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಈ ಬಿಟ್ಟಿ ಚಾಕರಿಗೆ ಚೆಕ್ ಭಾಷೆಯಲ್ಲಿ ರೊಬೊಟ ಎನ್ನುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕರ ನಾಟಕದ ಮೂಲಕ ಅದೇ ಪದ ರೋಬೋಟ್ ಆಗಿ ಜಗತ್ತಿಗೆಲ್ಲ ಹರಡಿತು. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಹುಡುಗ ಓದಿನಲ್ಲಿ ಜಾಣ. ಊರಿನ ಶಾಲಾ ಮಾಸ್ತರರ ಒತ್ತಾಯದ ಮೇಲೆ ಅವನನ್ನು ಹೊರಗೆ ಕಳುಹಿಸಿದರು. ಓಪಾವಾ ನಗರದ ಪ್ರೌಢಶಾಲೆಯಲ್ಲಿ ಅಪ್ಪ-ಅಮ್ಮನಿಗೆ ಅರ್ಧ ಊಟದ ಹಣ ಕಟ್ಟುವಷ್ಟೇ ಶಕ್ತಿ ಇತ್ತು. ಉಳಿದರ್ಧಕ್ಕೆ ಊರಿನಿಂದ ಗಾಡಿ ಬಂದಾಗ ಬುತ್ತಿ ಬರುತ್ತಿತ್ತು. 1838ರಲ್ಲಿ ಅದೇ ಬಿಟ್ಟಿ ಕೆಲಸ ಮಾಡುತ್ತಿದ್ದಾಗ ಮರದ ದಿಮ್ಮಿಯೊಂದು ಉರುಳಿ ಅಪ್ಪನ ಎದೆಗೆ ಪೆಟ್ಟಾಯಿತು. ಆತ ಮತ್ತೆ ಮೊದಲಿನಂತಾಗಲಿಲ್ಲ. ಹದಿನಾರು ವರ್ಷದ ಯೋಹಾನ್ ಮನೆಪಾಠ ಹೇಳಿ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳಬೇಕಾಯಿತು. ಒಲೊಮೊತ್ಸ್ ನಗರಕ್ಕೆ ಹೆಚ್ಚಿನ ಓದಿಗೆ ಹೋದಾಗ ಅಲ್ಲಿ ಪರಿಚಯದವರಿಲ್ಲ, ಮನೆಪಾಠವೂ ಸಿಗಲಿಲ್ಲ. ಚಿಂತೆಗೆ ಕಾಯಿಲೆ ಬಿದ್ದು ಊರಿಗೆ ಮರಳಿದ. ಅಪ್ಪ ಜಮೀನನ್ನು ಹಿರಿಮಗಳ ಗಂಡನಿಗೆ ಮಾರಿದರು.

ಆಗ ತಂಗಿ ತೆರೇಸಿಯಾ, ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಆಗ ಅವಳಿನ್ನೂ ಸಣ್ಣ ಹುಡುಗಿ. ನನ್ನ ಬಿ.ಇಡಿ. ಶುಲ್ಕ ಕಟ್ಟುವ ಹೊತ್ತಿಗೆ ಅಕ್ಕನ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಗಿತ್ತು, ಇನ್ನೂ ಬಿಡಿಸಿಕೊಂಡಿಲ್ಲ. ಈ ಭಾಗ ಓದಿದ ಮೇಲೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ತಂಗಿಯ ಹಣದಿಂದ ಒಲೊಮೊತ್ಸ್‌ನ ಓದು ಮುಗಿಯಿತು. ಮುಂದೇನು? ಭೌತಶಾಸ್ತ್ರದ ಅಧ್ಯಾಪಕರು ಬ್ರನೋ ನಗರದ ಸಂತ ತೋಮಸರ ಮಠಕ್ಕೆ ಶಿಫಾರಸು ಮಾಡಿದರು. 1843ರಲ್ಲಿ ಯೋಹಾನ್ ಅಲ್ಲಿ ಸೇರಿ ಗ್ರೆಗರ್ ಆದರು. ದೇವರ ಕರೆಗಿಂತ ಹೆಚ್ಚಾಗಿ ಬದುಕಿನ ಪರಿಸ್ಥಿತಿಯೇ ಈ ನಿರ್ಧಾರ ಮಾಡಿಸಿತೆಂದು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ದುಡ್ಡಿನ ಚಿಂತೆ ಇಲ್ಲದ್ದರಿಂದ ಅವರು ಸನ್ಯಾಸಿಯಾದದ್ದಲ್ಲ, ಆ ಚಿಂತೆ ತಾಳಲಾರದೆ ಆದದ್ದು. ಆ ಹುಡುಗಿಗೆ ನಾನು ಇದನ್ನು ತಲೆಕೆಳಗು ಮಾಡಿ ಹೇಳಿದ್ದೆ.

ಮಠವೂ ನಾವು ಊಹಿಸುವಂಥ ಧ್ಯಾನದ ಗವಿಯಲ್ಲ. ಅದಕ್ಕೆ ಜಮೀನುಗಳಿದ್ದವು, ಹಿಡುವಳಿಗಳಿದ್ದವು. ಬ್ರನೋ ಉಣ್ಣೆ ಬಟ್ಟೆಯ ಗಿರಣಿಗಳ ನಗರ. ಸುತ್ತಲಿನ ಮೊರಾವಿಯಾದ ಕುರಿ ಸಾಕಣೆದಾರರಿಗೆ ಒಳ್ಳೆಯ ಉಣ್ಣೆಯ ಟಗರಿನಿಂದ ಒಳ್ಳೆಯ ಮರಿ ಹುಟ್ಟುವುದೇ ಎಂಬುದು ಲಾಭ-ನಷ್ಟದ ಪ್ರಶ್ನೆ. ಮಠಾಧಿಪತಿ ಸಿರಿಲ್ ನಾಪ್ ಅವರ ಸಭೆಗಳಲ್ಲಿ ಭಾಗವಹಿಸಿ, ತಂದೆ-ತಾಯಿಯಿಂದ ಮರಿಗೆ ಏನು ಬರುತ್ತದೆ, ಹೇಗೆ ಬರುತ್ತದೆ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕೆಂದು 1837ರ ಹೊತ್ತಿಗೇ ಹೇಳಿದ್ದರು. ನಾವು ಅನುವಂಶೀಯತೆಯ ಪಾಠವನ್ನು ಬಟಾಣಿಯಿಂದ ಆರಂಭಿಸುತ್ತೇವೆ. ಕುರಿ ಸಂತೆಯಿಂದ ಆರಂಭಿಸಿದರೆ ನಮ್ಮ ಹಳ್ಳಿ ಮಕ್ಕಳಿಗೆ ಬೇಗ ಹತ್ತುತ್ತದೆ ಎಂಬುದು ನನ್ನ ಅನಿಸಿಕೆ.

1848ರಲ್ಲಿ ಯುರೋಪಿನಾದ್ಯಂತ ಕ್ರಾಂತಿಯ ಗಾಳಿ ಬೀಸಿತು. ವಿಯೆನ್ನಾದ ಸಂಸತ್ತಿನಲ್ಲಿ ಸಿಲೇಷಿಯಾದವರೇ ಆದ ಹಾನ್ಸ್ ಕುಡ್ಲಿಷ್ ಎಂಬ ಯುವ ಸದಸ್ಯರು ರೈತರನ್ನು ಹಳೆಯ ಕಟ್ಟುಪಾಡುಗಳಿಂದ ಬಿಡಿಸುವ ಮಸೂದೆ ತಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದು ಕಾನೂನಾಯಿತು. ಆಂಟನ್ ಮೆಂಡೆಲ್‌ರ ಎದೆ ಮುರಿದ ಬಿಟ್ಟಿ ಚಾಕರಿಗೆ ಹೀಗೆ ಹತ್ತು ವರ್ಷ ತಡವಾಗಿ ಕೊನೆಯಾಯಿತು. ಮಠದ ಕೆಲವು ಸನ್ಯಾಸಿಗಳು ತಮಗೂ ನಾಗರಿಕ ಹಕ್ಕುಗಳು ಬೇಕೆಂದು ಸಂಸತ್ತಿಗೆ ಬರೆದ ಮನವಿಯಲ್ಲಿ ಗ್ರೆಗರ್‌ರ ಸಹಿಯೂ ಇತ್ತು.

ಇನ್ನು ಪ್ರಶಿಕ್ಷಣಾರ್ಥಿಗಳಾದ ನಮಗೆ ಹತ್ತಿರದ ಸಂಗತಿ. ರೋಗಿಗಳನ್ನು ನೋಡಿದರೆ ತಾವೇ ಕುಸಿಯುತ್ತಿದ್ದ ಮೆಂಡೆಲ್‌ರನ್ನು 1849ರಲ್ಲಿ ಜ್ನೊಯ್ಮೊ ನಗರದ ಶಾಲೆಗೆ ಬದಲಿ ಶಿಕ್ಷಕರಾಗಿ ಕಳುಹಿಸಿದರು. ಕಾಯಂ ಶಿಕ್ಷಕರಿಗಿಂತ ಕಡಿಮೆ ಸಂಬಳ, ನಮ್ಮ ಅತಿಥಿ ಶಿಕ್ಷಕರ ಹಾಗೆ. ಮಕ್ಕಳಿಗೆ ಮೆಚ್ಚುಗೆಯಾದರು. ಆದರೆ ಕಾಯಂ ಆಗಲು ಅರ್ಹತಾ ಪರೀಕ್ಷೆ ಬೇಕು. 1850ರಲ್ಲಿ ವಿಯೆನ್ನಾದಲ್ಲಿ ಬರೆದರು. ಭೌತಶಾಸ್ತ್ರ ಪರವಾಗಿಲ್ಲ, ಪ್ರಾಣಿಶಾಸ್ತ್ರದಲ್ಲೂ ಭೂವಿಜ್ಞಾನದಲ್ಲೂ ಅನುತ್ತೀರ್ಣ. ನಾಪ್ ಅವರನ್ನು ಬಿಡಲಿಲ್ಲ. ಮಠದ ಖರ್ಚಿನಲ್ಲಿ 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಡಾಪ್ಲರ್‌ರಿಂದ ಭೌತಶಾಸ್ತ್ರ, ಉಂಗರ್‌ರಿಂದ ಸಸ್ಯಶಾಸ್ತ್ರ ಕಲಿತರು. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತು, ನಡುವೆಯೇ ಅಸ್ವಸ್ಥರಾಗಿ ಹಿಂದೆ ಸರಿದರು. ಮತ್ತೆ ಪ್ರಯತ್ನಿಸಲಿಲ್ಲ. 1854ರಿಂದ 1868ರವರೆಗೆ ಬ್ರನೋದ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದ್ದು ಬದಲಿ ಶಿಕ್ಷಕರಾಗಿಯೇ. ನಮ್ಮ ಟಿ.ಇ.ಟಿ. ಲೆಕ್ಕದಲ್ಲಿ ಅವರು ಅರ್ಹರಲ್ಲ.

ಪರೀಕ್ಷೆ ಕೈಬಿಟ್ಟ ಆ 1856ರಲ್ಲೇ ಬಟಾಣಿ ಪ್ರಯೋಗ ಆರಂಭವಾಯಿತು. 35 ಮೀಟರ್ ಉದ್ದ, 7 ಮೀಟರ್ ಅಗಲದ ತುಂಡು ನೆಲ, ಏಳು ಲಕ್ಷಣಗಳು, ಸುಮಾರು 28,000 ಗಿಡಗಳು. ಎರಡನೆಯ ಪೀಳಿಗೆಯಲ್ಲಿ ದುಂಡು ಬೀಜ 5,474, ಸುಕ್ಕು ಬೀಜ 1,850. ನಾವು ಹಲಗೆಯ ಮೇಲೆ ಬರೆಯುವ 3:1 ಇದೇ. ಪಾಠದ ಗಂಟೆಗಳ ನಡುವೆ ಒಬ್ಬ ಬದಲಿ ಮೇಷ್ಟ್ರು ಒಂದೊಂದೇ ಕಾಳು ಎಣಿಸಿದ ಲೆಕ್ಕ ಇದು. 1865ರಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಎರಡು ಸಂಜೆ ಓದಿದರು, 1866ರಲ್ಲಿ ಅಚ್ಚಾಯಿತು. ಹೆಚ್ಚಿನವರು ಗಮನಿಸಲಿಲ್ಲ.

1866 ಗಮನಿಸುವ ವರ್ಷವೂ ಆಗಿರಲಿಲ್ಲ. ಜುಲೈ 3ರಂದು ಪ್ರಷ್ಯಾದ ಸೈನ್ಯ ಕೋನಿಗ್‌ಗ್ರೇಟ್ಸ್‌ನಲ್ಲಿ ಆಸ್ಟ್ರಿಯಾವನ್ನು ಸೋಲಿಸಿ ಕೆಲವೇ ದಿನಗಳಲ್ಲಿ ಬ್ರನೋ ನಗರಕ್ಕೆ ನುಗ್ಗಿತು. ಮಠ ಸೈನಿಕರಿಗೂ ಕುದುರೆಗಳಿಗೂ ಜಾಗ ಕೊಡಬೇಕಾಯಿತು. ಸೈನ್ಯದ ಹಿಂದೆಯೇ ಕಾಲರಾ ಬಂತು.

ಅವರ ಹವ್ಯಾಸಗಳನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಮೆಂಡೆಲ್ ಚದುರಂಗಪ್ರಿಯರು, ಚದುರಂಗದ ಸಮಸ್ಯೆಗಳನ್ನು ತಾವೇ ಕಟ್ಟುತ್ತಿದ್ದರು. ಜೇನು ಸಾಕುತ್ತಿದ್ದರು, ಮಠದ ತೋಟದಲ್ಲಿ ಜೇನುಮನೆ ಕಟ್ಟಿಸಿದರು. ಸಿಗಾರು ಹೆಚ್ಚು ಸೇದುತ್ತಿದ್ದರು (ಇದನ್ನು ತರಗತಿಯಲ್ಲಿ ಹೇಳಲಿಲ್ಲ). ಎಲ್ಲಕ್ಕಿಂತ ಹೆಚ್ಚಾಗಿ ಹವಾಮಾನ: ಉಷ್ಣತೆ, ಮಳೆ, ಗಾಳಿಯನ್ನು ದಿನದಿನವೂ ಗುರುತು ಮಾಡುವ ಅಭ್ಯಾಸ ಸಾಯುವವರೆಗೂ ನಡೆಯಿತು. 1870ರ ಅಕ್ಟೋಬರ್ 13ರಂದು ಬ್ರನೋ ಮೇಲೆ ಸುಂಟರಗಾಳಿ ಅಪ್ಪಳಿಸಿದಾಗ ಹೆಂಚಿನ ಚೂರುಗಳು ಅವರ ಕೋಣೆಗೇ ನುಗ್ಗಿದವು. ಅವರು ಅದು ಯಾವ ದಿಕ್ಕಿಗೆ ಸುತ್ತಿತೆಂದು ಲೆಕ್ಕ ಹಾಕಿ ಪ್ರಬಂಧ ಬರೆದರು.

1868ರಲ್ಲಿ ನಾಪ್ ನಂತರ ಮೆಂಡೆಲ್‌ರೇ ಮಠಾಧಿಪತಿಯಾದರು. ಕೈಯಲ್ಲಿ ಹಣ ಬಂದಾಗ ಮೊದಲು ನೆನಪಾದವಳು ತಂಗಿ. ತೆರೇಸಿಯಾಳ ಮೂವರು ಗಂಡುಮಕ್ಕಳ ಓದಿನ ಖರ್ಚನ್ನು ಹೊತ್ತರು. ಅವರಲ್ಲಿ ಇಬ್ಬರು ವೈದ್ಯರಾದರು. ಅವರೊಡನೆ ಸೋದರಮಾವ ಚದುರಂಗವೂ ಆಡುತ್ತಿದ್ದರು. ಹುಟ್ಟೂರಿನ ಅಗ್ನಿಶಾಮಕ ದಳಕ್ಕೂ ಹಣ ಕೊಟ್ಟರು. 1881ರಲ್ಲಿ ಮೊರಾವಿಯಾದ ಅಡಮಾನ ಬ್ಯಾಂಕಿನ ಅಧ್ಯಕ್ಷರೂ ಆದರು.

ಆದರೆ ಅವರ ಕೊನೆಯ ಹತ್ತು ವರ್ಷಗಳನ್ನು ನುಂಗಿದ್ದೂ ಹಣವೇ. 1874ರಲ್ಲಿ ಸರ್ಕಾರ ಮಠಗಳ ಆಸ್ತಿಯ ಮೇಲೆ ತೆರಿಗೆ ಹಾಕಿತು, ಊರೂರಿನ ಪಾದ್ರಿಗಳ ಸಂಬಳಕ್ಕೆಂದು. ಇವರ ಮಠಕ್ಕೆ ಬಿದ್ದದ್ದು ವರ್ಷಕ್ಕೆ ಏಳು ಸಾವಿರ ಗುಲ್ಡನ್‌ಗೂ ಹೆಚ್ಚು. ಮೆಂಡೆಲ್ ಸ್ವಇಚ್ಛೆಯ ಕೊಡುಗೆಯಾಗಿ ಎರಡು ಸಾವಿರ ಕೊಡುತ್ತೇನೆ, ತೆರಿಗೆಯಾಗಿ ಕೊಡುವುದಿಲ್ಲ ಎಂದು ಪಟ್ಟು ಹಿಡಿದರು. ಆ ಕಾನೂನು ಮಾಡಿದ್ದು ಅವರೇ ಮತ ಹಾಕಿದ್ದ ಉದಾರವಾದಿ ಪಕ್ಷದ ಸರ್ಕಾರ. ಮಠದ ಆಸ್ತಿ ಜಪ್ತಿಯಾಯಿತು. ಅರ್ಜಿ, ಮೇಲ್ಮನವಿ, ಕಾಗದದ ಮೇಲೆ ಕಾಗದ. ಸಹವಾಸಿಗಳು ಬೇಸತ್ತರು. ಇಲ್ಲಿ ನನಗೆ ಅವರ ಪರ ನಿಲ್ಲಲು ಕಷ್ಟ. ಬಡ ಪಾದ್ರಿಗಳ ಸಂಬಳಕ್ಕೆ ಶ್ರೀಮಂತ ಮಠ ಕೊಡಲಿ ಎಂಬುದರಲ್ಲಿ ಅನ್ಯಾಯ ಕಾಣುವುದಿಲ್ಲ. ಆದರೆ ಅಪ್ಪ ವಾರಕ್ಕೆ ಮೂರು ದಿನ ಬಿಟ್ಟಿ ಕೊಟ್ಟದ್ದನ್ನು ನೋಡಿ ಬೆಳೆದವರಿಗೆ ಮೇಲಿನಿಂದ ಬಂದ ವಸೂಲಿ ಹೇಗೆ ಕಂಡಿರಬಹುದೆಂದು ಯೋಚಿಸಿದಾಗ ಸಿಟ್ಟು ಸ್ವಲ್ಪ ಇಳಿಯುತ್ತದೆ.

1884ರ ಜನವರಿ 6ರಂದು ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಅಂತ್ಯಸಂಸ್ಕಾರದ ಸಂಗೀತ ನಡೆಸಿದವರು ಮುಂದೆ ಪ್ರಸಿದ್ಧರಾದ ಲೆಯೊಷ್ ಯಾನಾಚೆಕ್. ಹೊಸ ಮಠಾಧಿಪತಿ ತೆರಿಗೆಯ ಜಗಳ ಮುಗಿಸಿದರು. ಮೆಂಡೆಲ್‌ರ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು. ಬಟಾಣಿಯ ಲೆಕ್ಕವನ್ನು ಜಗತ್ತು ಮತ್ತೆ ತೆರೆದು ನೋಡಿದ್ದು 1900ರಲ್ಲಿ.

ಮುಂದಿನ ಪಾಠಕ್ಕೆ ಹೋದಾಗ ಮೊದಲು ಆ ಹುಡುಗಿಗೆ ನನ್ನ ಉತ್ತರ ತಪ್ಪಿತ್ತೆಂದು ಹೇಳಿದೆ. ಚಾರ್ಟಿನಲ್ಲಿ ಮೆಂಡೆಲ್ ಹೆಸರಿನ ಪಕ್ಕ ತೆರೇಸಿಯಾ ಎಂದು ಬರೆದು ಕತೆ ಹೇಳಿದೆ. ತಂಗಿಗೆ ಆಮೇಲೆ ಮದುವೆಯಾಯಿತಾ ಎಂದು ಅವಳು ಕೇಳಿದಳು. ಆಯಿತು, ಮೂವರು ಮಕ್ಕಳಾದರು ಎಂದೆ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ನನ್ನ ಪಾಠಯೋಜನೆಯ ಪುಟದಲ್ಲಿ, ಪೀಠಿಕೆಗೆ ನಿಗದಿಯಾದ ಸಮಯಕ್ಕಿಂತ ನಾಲ್ಕು ನಿಮಿಷ ಹೆಚ್ಚಾಗಿದೆ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.